ನೀರಿನಡಿಯ ರಸ್ತೆ ಹಿಡಿದು

ರಿಪ್ಪನ್‌ಪೇಟೆಯ ವಿನಾಯಕ ವೃತ್ತದಲ್ಲಿ ಕಾರು ನಿಲ್ಲಿಸಿ ಚಹಾ ಕುಡಿಯುವಷ್ಟರಲ್ಲಿ ನಾಲ್ಕು ಜನ ಬಂದು ವಿಚಾರಿಸಿದರು. ಕಾರಿನ ನೆತ್ತಿಗೆ ಹಗ್ಗ ಬಿಗಿದು ಕಟ್ಟಿದ್ದ, ಎರಡೂ ತುದಿ ಚೂಪಾದ, ಹಳದಿ ಬಣ್ಣದ ಆ ಉದ್ದನೆಯ ವಸ್ತು ಎಂಥದು ಎಂಬುದೇ ಎಲ್ಲರ ಪ್ರಶ್ನೆ. ದೋಣಿ ಎಂದೆ. ‘ಇಷ್ಟು ಸಪೂರಕ್ಕಾ?’ ಎಂದರು ಒಬ್ಬರು. ಅಡಿಕೆ ಮೂಟೆ ಇಳಿಸಿ ಬಂದಿದ್ದ ಇನ್ನೊಬ್ಬರು ಬೆರಳು ಮಡಚಿ ಅದರ ಹೊಟ್ಟೆಗೆ ತಟ್ಟಿ, ಕಿವಿಗೊಟ್ಟು ಕೇಳಿ, ‘ಪ್ಲಾಸ್ಟಿಕ್ಕು. ತೇಲ್ತದೆ ಬಿಡಿ’ ಎಂದರು.

ತೇಲುತ್ತದೆ ಎನ್ನುವುದು ನನಗೂ ಗೊತ್ತಿತ್ತು. ಅದರಲ್ಲಿ ಕೂತು ಮೀನು ಹಿಡಿಯಲು ಬರುತ್ತದೆಯೇ ಎಂದು ನೋಡಲು ಹೊರಟಿದ್ದೆವು. ಕಯಾಕ್ ಎನ್ನುವ ಆ ದೋಣಿ ನನ್ನ ಅಕ್ಕನ ಮಗನದು. ಸಾಗರದಾಚೆ, ಜೋಗದ ದಾರಿಯಿಂದ ಒಳಗೆ ಹೋದರೆ ಸಿಗುವ ಹೊನ್ನೇಮರಡುವಿನಲ್ಲಿ, ಇದೇ ಶರಾವತಿ ಹಿನ್ನೀರಿನ ಮೇಲೆ ಅವನು ಹುಟ್ಟು ಹಾಕಲು ಕಲಿತ. ಕೆಲಸ ಬೆಂಗಳೂರಿನಲ್ಲಾದರೂ ಜನವರಿಯ ರಜೆಗೆ ಊರಿಗೆ ಬಂದಾಗ ನೀರು ಹುಡುಕಿಕೊಂಡು ಹೋಗುತ್ತಾನೆ. ‘ಮಾವ, ಒಂದು ಸಂಜೆ ಗಾಳ ಹಾಕೋಣ’ ಎಂದು ಎರಡು ವರ್ಷದಿಂದ ಬೆನ್ನು ಹತ್ತಿದ್ದ.

ರಿಪ್ಪನ್‌ಪೇಟೆ ಹೊಳೆಯ ಊರಲ್ಲ, ನಾಲ್ಕು ದಾರಿ ಕೂಡುವ ಊರು. ಒಂದು ಶಿವಮೊಗ್ಗಕ್ಕೆ, ಒಂದು ಸಾಗರಕ್ಕೆ, ಒಂದು ತೀರ್ಥಹಳ್ಳಿಗೆ, ಒಂದು ಹೊಸನಗರಕ್ಕೆ. 1880ರಿಂದ 1884ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ರಿಪ್ಪನ್ ಹೆಸರನ್ನು ಹೊತ್ತ ಈ ಪೇಟೆಗೆ ಮೀನು ಬರುವುದೂ ಬಹುಪಾಲು ರಸ್ತೆಯ ಮೇಲೆಯೇ. ಹುಲಿಕಲ್ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿಗೆ ಇಲ್ಲಿ ಗಿರಾಕಿ ಹೆಚ್ಚು. ‘ಹೊಳೆ ಮೀನು ಇದೆಯಾ?’ ಎಂದು ಕೇಳುವವರು ಬೇರೆ ಜನ. ಅವರು ಕೇಳುವ ದನಿಯೂ ಬೇರೆ, ಹಳೆಯ ನೆಂಟರನ್ನು ವಿಚಾರಿಸಿದ ಹಾಗೆ.

ನಾವು ಹೊಸನಗರದ ದಾರಿ ಹಿಡಿದೆವು. ಕೋಡೂರು ದಾಟುವಾಗ ಕೊಯ್ಲಾದ ಗದ್ದೆಗಳ ಮೇಲೆ ಬಿಸಿಲು ಓರೆಯಾಗಿತ್ತು. ಹೊಸನಗರವನ್ನೂ ದಾಟಿ, ಪಟಗುಪ್ಪ ಸೇತುವೆ ಇರುವ ಹಿನ್ನೀರಿನ ಕಡೆ ಸಾಗಿ, ಸೇತುವೆ ತಲುಪುವ ಮೊದಲೇ ಮಣ್ಣುದಾರಿಗೆ ಇಳಿದೆವು. ನಮಗೆ ಹೇಳಿದ್ದ ಗುರುತು ಇಷ್ಟೇ: ದಾರಿ ಮುಗಿಯುವವರೆಗೂ ಬನ್ನಿ.

ಅಲ್ಲಿ ಹೋಗಿ ನೋಡಿದರೆ ದಾರಿ ಮುಗಿದಿರಲೇ ಇಲ್ಲ. ಎರಡು ಬದಿಗೆ ಕಲ್ಲು ಕಟ್ಟಿದ, ಗಾಡಿಯೊಂದು ಹಾಯಾಗಿ ಹೋಗುವಷ್ಟು ಅಗಲದ ಹಳೆಯ ರಸ್ತೆ ಇಳಿಜಾರಿನಲ್ಲಿ ಇಳಿಯುತ್ತ ಇಳಿಯುತ್ತ ನೇರವಾಗಿ ನೀರಿನೊಳಗೆ ಹೋಗಿತ್ತು. ಮೊದಲ ಹತ್ತು ಮಾರು ಕಲ್ಲುಗಳು ನೀರಿನಡಿಯಲ್ಲೂ ಕಂಡವು. ಆಮೇಲೆ ಹಸಿರು, ಆಮೇಲೆ ಕಪ್ಪು. ಈ ಕಡೆಯ ಜನ ಇಂಥ ಜಾಗಕ್ಕೆ ಕಡವು ಎನ್ನುತ್ತಾರೆ, ಹೊಳೆಬಾಗಿಲು ಎಂದೂ ಅನ್ನುವುದುಂಟು. ಸಿಮೆಂಟಿನ ಕಟ್ಟೆಯಿಲ್ಲ, ಕಂಬವಿಲ್ಲ. ಊರಿಗೆ ಹೋಗುತ್ತಿದ್ದ ರಸ್ತೆಯೇ ಈಗ ದೋಣಿ ಕಟ್ಟುವ ಜಾಗ.

ತೆಪ್ಪದ ಯಜಮಾನರು ಆಗಲೇ ಬಂದು ಬಲೆ ಬಿಡಿಸುತ್ತ ಕೂತಿದ್ದರು. ಅರವತ್ತು ದಾಟಿದ ಗಟ್ಟಿ ಆಳು. ಮೀನುಗಾರಿಕೆ ಇಲಾಖೆಯ ಪರವಾನಗಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಕಯಾಕನ್ನು ನೀರಿಗಿಳಿಸಿದ್ದನ್ನು ಅವರು ಕೆಲಸ ನಿಲ್ಲಿಸಿ ನೋಡಿದರು. ಹುಡುಗ ಕೂತು ನಾಲ್ಕು ಸಲ ಹುಟ್ಟು ಎಳೆದದ್ದೇ ಅದು ಕತ್ತಿಯ ಹಾಗೆ ನೀರು ಸೀಳಿ ಹೋಗಿ, ತಿರುಗಿ, ಅಷ್ಟೇ ಬೇಗ ಬಂತು.

‘ಓಡೋಕೆ ಭಾರಿ ಲಾಯ್ಕ್ ಉಂಟು’ ಎಂದರು ಯಜಮಾನರು. ‘ನಿಲ್ಲೋಕೆ?’

ಮೀನು ಹಿಡಿಯುವವನಿಗೆ ಬೇಕಾದ್ದು ಅದೇ ಎಂಬುದು ಒಂದು ಗಳಿಗೆಯಲ್ಲೇ ಗೊತ್ತಾಯಿತು. ಸಣ್ಣ ಗಾಳಿ ಬೀಸಿದರೂ ಕಯಾಕ್ ಸರಿಯುತ್ತಿತ್ತು. ಗಾಳದ ನೂಲು ಒಂದು ಕಡೆ, ದೋಣಿ ಒಂದು ಕಡೆ. ಯಜಮಾನರು ದಂಡೆಯಲ್ಲಿ ಹುಡುಕಿ, ನಡು ಸಣ್ಣಗಾದ ಒಂದು ಕಲ್ಲು ಆರಿಸಿ ತಂದರು. ಅದರ ನಡುವಿಗೆ ನೈಲಾನ್ ಹಗ್ಗವನ್ನು ಎರಡು ಸುತ್ತು ಸುತ್ತಿ, ಎದುರು ದಿಕ್ಕಿನಿಂದ ಮತ್ತೊಂದು ಸುತ್ತು ತಂದು, ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕಿದರು. ‘ಈ ಕಲ್ಲು ಬಿಟ್ಕ. ಆಮೇಲೆ ಸುಮ್ನೆ ಕೂತ್ಕ ಮಾರಾಯ’ ಎಂದು ಹುಡುಗನ ಕಾಲ ಬಳಿ ಇಟ್ಟರು. ಸಾವಿರಾರು ರೂಪಾಯಿಯ ಕಯಾಕು ಆ ಕಲ್ಲು ಸಿಕ್ಕ ಮೇಲೆಯೇ ಮೀನು ಹಿಡಿಯುವ ದೋಣಿಯಾಯಿತು.

ನಾನು ತೆಪ್ಪದಲ್ಲಿ ಕೂತೆ. ತೆಪ್ಪವೆಂದರೆ ಈಗ ಫೈಬರಿನ ದುಂಡು ಬುಟ್ಟಿ. ಮೊದಲು ಹೀಗಿರಲಿಲ್ಲ. ಬಿದಿರಿನ ಸೀಳು ಹೆಣೆದು ಮೇಲೆ ಚರ್ಮ ಹೊದಿಸುತ್ತಿದ್ದರು. ಆಮೇಲೆ ಚರ್ಮದ ಜಾಗಕ್ಕೆ ಡಾಂಬರು ಬಳಿದ ಟಾರ್ಪಾಲು ಬಂತು, ಈಗ ಫೈಬರು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್, ಜನ ಚರ್ಮ ಹೊದಿಸಿದ ಬುಟ್ಟಿಗಳಲ್ಲಿ ಹೊಳೆ ದಾಟುವುದನ್ನೂ ಅವು ಸುತ್ತುತ್ತ ಸುತ್ತುತ್ತ ಹೋಗುವುದನ್ನೂ ಬೆರಗಿನಿಂದ ಬರೆದಿಟ್ಟಿದ್ದಾನೆ. ಕಯಾಕಿನ ಹುಟ್ಟೂ ಅಂಥದೇ. ಹಿಮದ ಸೀಮೆಯ ಇನುಯಿಟ್ ಜನ ನೀರಲ್ಲಿ ತೇಲಿಬಂದ ಮರ ಮತ್ತು ಮೂಳೆಯ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಅದನ್ನು ಮಾಡಿದ್ದು, ಅದೂ ಬೇಟೆಗೆಂದೇ. ಬೇಟೆಯ ಹಿಂದೆ ಸದ್ದಿಲ್ಲದೆ ಓಡಬೇಕಾದವರು ಸಪೂರ ಮಾಡಿಕೊಂಡರು, ಹೊಳೆ ದಾಟಿ ಬಲೆ ಬಿಡುವವರು ದುಂಡಗೆ ಮಾಡಿಕೊಂಡರು. ಎರಡೂ ಅಕ್ಕತಂಗಿಯರ ಮಕ್ಕಳ ಹಾಗೆ ಅಕ್ಕಪಕ್ಕ ತೇಲುತ್ತಿದ್ದುದನ್ನು ಆ ಸಂಜೆ ನೋಡಿದ ನನಗೆ, ಒಂದನ್ನು ಹೊಸತು ಇನ್ನೊಂದನ್ನು ಹಳತು ಎನ್ನಲು ನಾಲಿಗೆ ಏಳಲಿಲ್ಲ.

ಲೈಫ್ ಜಾಕೆಟ್ ಹಾಕಿಕೊಳ್ಳಿ ಎಂದು ಹುಡುಗ ಹಟ ಹಿಡಿದ. ಯಜಮಾನರಿಗೂ ಒಂದು ತಂದಿದ್ದ. ಮೊದಲು ಬೇಡವೆಂದವರು ಅವನ ಮುಖ ನೋಡಿ ತೊಟ್ಟುಕೊಂಡರು. ಈ ಮಾತನ್ನು ಒತ್ತಿ ಬರೆಯಬೇಕು. ಹಿನ್ನೀರಿನಲ್ಲಿ ತೆಪ್ಪ ಮಗುಚಿ ಜೀವ ಹೋದ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೋದವರಲ್ಲಿ ಈಜು ಬಲ್ಲವರೂ ಇರುತ್ತಾರೆ. ಸಂಜೆಯ ಗಾಳಿ ಎದ್ದರೆ ಈ ನೀರು ಕೆರೆಯಂತಿರುವುದಿಲ್ಲ.

ದಂಡೆ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಯಜಮಾನರು ಮೊದಲ ಬಾರಿ ಹುಟ್ಟು ನಿಲ್ಲಿಸಿದರು. ‘ಇಲ್ಲಿಂದ ಎಡಕ್ಕೆ ಕೆರೆ ಏರಿ’ ಎಂದರು. ನನಗೆ ಎಡಕ್ಕೂ ಬಲಕ್ಕೂ ಕಂಡದ್ದು ಒಂದೇ ನೀರು. ಅವರು ಹುಟ್ಟನ್ನು ನೆಟ್ಟಗೆ ಕೆಳಗಿಳಿಸಿದರು. ಅದು ಮುಕ್ಕಾಲು ಭಾಗ ಹೋಗಿ ನಿಂತಿತು. ತೆಪ್ಪವನ್ನು ಎರಡು ಮಾರು ಸರಿಸಿ ಮತ್ತೆ ಇಳಿಸಿದರು, ತಳ ಸಿಗಲಿಲ್ಲ. ‘ಈಗ ಇಳಿಸಿದ್ದು ಏರಿಯ ಆಚೆ. ಅಲ್ಲಿ ಕೆರೆಯ ಗುಂಡಿ.’

ಆಮೇಲೆ ಒಂದೊಂದೇ ಬಂತು. ಆ ಎರಡು ಬೊಡ್ಡೆ ನಿಂತಿವೆಯಲ್ಲ, ಅದು ಹಲಸಿನ ಸಾಲು. ಅದರ ಹಿಂದೆ ತೋಟದ ಅಗಳು. ಇಲ್ಲಿ ಗದ್ದೆಗೆ ನೀರು ಬಿಡುತ್ತಿದ್ದ ಹಳ್ಳ ಕೂಡುತ್ತಿತ್ತು. ಅಲ್ಲಿ ಮನೆಯ ಜಗಲಿ, ಬೇಸಿಗೆಯ ಕೊನೆಗೆ ಕೆಲವು ವರ್ಷ ಅದರ ಕಲ್ಲು ಮೇಲೆ ಕಾಣುತ್ತದೆ. ಇದನ್ನೆಲ್ಲ ಅವರು ಕಣ್ಣಾರೆ ಊರಾಗಿ ಕಂಡವರಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಅವರು ಆಗ ಎಳೆಮಗು. ‘ಅಪ್ಪಯ್ಯ ತೋರಿಸಿದ್ದು. ಬಲೆ ಬಿಡೋಕೆ ಕರ್ಕಂಡು ಬಂದಾಗ ಎಲ್ಲ ಹೇಳ್ತಿದ್ರು. ಇದು ಯಾರ ಗದ್ದೆ, ಅದು ಯಾರ ಗದ್ದೆ ಅಂತ.’

ಆ ಅಪ್ಪಯ್ಯ ಮಗನಿಗೆ ಹೇಳಿದ್ದು ನೆನಪಷ್ಟೇ ಆಗಿರಲಿಲ್ಲ, ಕಸುಬೂ ಆಗಿತ್ತು. ಮೀನು ಬಯಲು ನೀರಿನಲ್ಲಿ ಸುಮ್ಮನೆ ಅಲೆಯುವುದಿಲ್ಲ. ಅದಕ್ಕೆ ಒರಗಲು ಏನಾದರೂ ಬೇಕು. ಕೆರೆ ಏರಿಯ ಇಳಿಜಾರು, ಬೊಡ್ಡೆಯ ಬುಡ, ಅಗಳಿನ ಅಂಚು, ಹಳೆಯ ಹಳ್ಳದ ತಣ್ಣನೆಯ ಗುಂಡಿ, ಇವೇ ಅದರ ಮನೆ. ಬಲೆಯನ್ನು ಬೊಡ್ಡೆಗೆ ತೀರ ಹತ್ತಿರ ಬಿಟ್ಟರೆ ಹರಿಯುತ್ತದೆ, ದೂರ ಬಿಟ್ಟರೆ ಬರಿದಾಗಿ ಬರುತ್ತದೆ. ಹಾಗಾಗಿ ಮುಳುಗಿದ ಊರನ್ನು ಯಾರು ಚೆನ್ನಾಗಿ ಬಲ್ಲರೋ ಅವರಿಗೆ ಮೀನು. ಜನ ಎದ್ದು ಹೋದ ಮೇಲೆ ಅರವತ್ತು ವರ್ಷ ಆ ಊರಿನ ನಕ್ಷೆಯನ್ನು ಜೋಪಾನ ಮಾಡಿದ್ದು ಕಂದಾಯದ ಕಡತಗಳಷ್ಟೇ ಅಲ್ಲ, ಈ ಬಲೆಗಾರರೂ ಹೌದು. ದಿನವೂ ಬೆಳಗ್ಗೆ ಸಂಜೆ ಅದೇ ಗದ್ದೆಯ ಬದುವಿನ ಮೇಲೆ ಅವರು ಹೋಗಿಬರುತ್ತಾರೆ, ಮೂರಾಳು ಎತ್ತರದಲ್ಲಿ.

ಶರಾವತಿಗೆ ಮೊದಲು ಬಂದ ಅಣೆಕಟ್ಟು ಲಿಂಗನಮಕ್ಕಿಯೂ ಅಲ್ಲ. ಅದಕ್ಕೆ ಮೊದಲೇ, 1948ರಲ್ಲಿ, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನದಿಯನ್ನು ತಡೆದಿತ್ತು. ದೊಡ್ಡದು ಬಂದಾಗ ಚಿಕ್ಕದೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಅದು ಮೇಲೆ ಬರುತ್ತದೆ, ಜನ ನೋಡಲು ಹೋಗುತ್ತಾರೆ. ಲಿಂಗನಮಕ್ಕಿಯ ತುಂಬುಮಟ್ಟ 1819 ಅಡಿ, ಹಿಡಿಯುವ ನೀರು ಸುಮಾರು 151 ಟಿಎಂಸಿ. ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಯ ಇಡೀ ದಾರಿ 128 ಕಿಲೋಮೀಟರಿನಷ್ಟು. ಅಷ್ಟು ಗಿಡ್ಡ ಹೊಳೆಗೆ ಇಷ್ಟು ದೊಡ್ಡ ಹೊಟ್ಟೆ.

ಆ ಹೊಟ್ಟೆ ದಿನದಿನವೂ ಕರಗುತ್ತದೆ. ಯಜಮಾನರು ದಂಡೆಯ ಕೆಸರಿನ ಮೇಲೆ ಗೆರೆಗೆರೆಯಾಗಿ ಒಣಗಿದ ಗುರುತನ್ನು ತೋರಿಸಿದರು. ಕೆಳಗಿನ ಗೆರೆ ಇನ್ನೂ ಒದ್ದೆ. ಕೆಳಗೆ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ಸೇರಿ 1035 ಮೆಗಾವಾಟ್ ತಯಾರಿಸಬಲ್ಲವು. ಅವು ತಿರುಗಿದಷ್ಟೂ ಇಲ್ಲಿ ದಂಡೆ ಅಗಲವಾಗುತ್ತದೆ. ಬೆಂಗಳೂರಿನಲ್ಲಿ ಯಾರೋ ಒತ್ತಿದ ಗುಂಡಿಗೆ ಇಲ್ಲಿ ಯಾರದೋ ಬಲೆಯ ಜಾಗ ಬದಲಾಗುತ್ತದೆ. ಆ ಬೆಂಗಳೂರಿನಿಂದ ಬಂದ ಹುಡುಗ ಈ ಮಾತು ಕೇಳಿ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಆ ಗೆರೆಗಳನ್ನೇ ನೋಡುತ್ತಿದ್ದ. ‘ಮೇ ತಿಂಗಳಲ್ಲಿ ಬಾ’ ಎಂದರು ಯಜಮಾನರು ಅವನಿಗೆ. ‘ಈ ಜಾಗದಲ್ಲಿ ದನ ಮೇಯ್ತಿರ್ತವೆ.’

ಹೊತ್ತು ಮುಳುಗುವುದಕ್ಕೆ ಅರ್ಧ ಗಂಟೆ ಇರುವಾಗ ಗಾಳ ಹಾಕಿದೆವು. ಹುಡುಗನ ಬಳಿ ರೀಲು ಇರುವ ಕೋಲು, ರಬ್ಬರಿನ ಕಪ್ಪೆ. ಯಜಮಾನರದು ಬಿದಿರಿನ ಕೋಲು, ಎರೆಹುಳ, ನವಿಲುಗರಿಯ ದಂಟಿನ ಬೆಂಡು. ಕೆರೆ ಏರಿಯ ಒಳಮಗ್ಗುಲಿಗೆ ಇಬ್ಬರೂ ಎಸೆದರು. ಹತ್ತು ನಿಮಿಷದೊಳಗೆ ಯಜಮಾನರಿಗೆ ಅಂಗೈಯಗಲದ ಎರಡು ಜಿಲೇಬಿ ಮೀನು ಸಿಕ್ಕವು. ಜಿಲೇಬಿ ಎಂದರೆ ತಿಲಾಪಿಯಾ. ಆಫ್ರಿಕಾದ ಮೀನು. 1952ರಲ್ಲಿ ಈ ದೇಶಕ್ಕೆ ತಂದದ್ದು, ಈಗ ಕೆರೆ, ಹೊಂಡ, ಹಿನ್ನೀರು ಎಲ್ಲ ಕಡೆ ತುಂಬಿದೆ. ಮೊಟ್ಟೆಯನ್ನೂ ಮರಿಯನ್ನೂ ತಾಯಿ ಬಾಯೊಳಗೇ ಕಾಪಾಡುವುದರಿಂದ ಅದಕ್ಕೆ ಎಲ್ಲಿಯೂ ಊರೇ.

ಹುಡುಗನ ರಬ್ಬರ್ ಕಪ್ಪೆ ಎರಡು ಸಲ ಬೊಡ್ಡೆಗೆ ಸಿಕ್ಕಿಕೊಂಡಿತು. ಮೂರನೆಯ ಸಲ ಎಸೆಯುವ ಮುಂಚೆ ಯಜಮಾನರು ಕೈ ಎತ್ತಿ ತಡೆದರು. ‘ಕೇಳು.’

ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಬೊಡ್ಡೆಯ ಆಚೆಯಿಂದ, ಬಾಯಿ ತೆರೆದು ಗಾಳಿ ನುಂಗಿದಂಥ ಒಂದು ‘ಗ್ಲುಪ್’. ಕೊರವ ಅದು, ಕುಚ್ಚು ಎಂದೂ ಅನ್ನುತ್ತಾರೆ. ಕಿವಿರು ಇದ್ದರೂ ಈ ಮೀನಿಗೆ ನೀರಿನ ಉಸಿರು ಸಾಲದು. ಆಗಾಗ ಮೇಲೆ ಬಂದು ಗಾಳಿ ಎಳೆದುಕೊಳ್ಳಲೇಬೇಕು. ಹಾಗೆ ಬಂದಾಗಲೇ ತನ್ನ ಜಾಗ ಬಿಟ್ಟುಕೊಡುತ್ತದೆ. ಯಜಮಾನರು ಬೆರಳಿನಿಂದ ಜಾಗ ತೋರಿಸಿದರು, ಬೊಡ್ಡೆಯಿಂದ ಎರಡು ಮೊಳ ಬಲಕ್ಕೆ. ಹುಡುಗ ಎಸೆದ. ಕಪ್ಪೆ ನೀರಿನ ಮೇಲೆ ಎರಡು ಸಲ ಕುಪ್ಪಳಿಸಿತ್ತು ಅಷ್ಟೆ, ನೀರು ಒಡೆದು ಒಂದು ಕಪ್ಪು ತಲೆ ಅದನ್ನು ಕಚ್ಚಿ ಕೆಳಗೆ ಹೋಯಿತು. ಕೋಲು ಬಿಲ್ಲಾಯಿತು. ಲಂಗರು ಕಲ್ಲನ್ನೂ ಎಳೆದುಕೊಂಡು ಕಯಾಕು ಬೊಡ್ಡೆಯ ಕಡೆ ಹೊರಟಿತು.

‘ಬೊಡ್ಡೆಗೆ ಸುತ್ತೋಕೆ ಬಿಡಬೇಡ! ಈಚೆಗೆ, ಈಚೆಗೆ!’ ಎಂದು ಯಜಮಾನರು ಎದ್ದು ನಿಂತೇ ಬಿಟ್ಟರು. ತೆಪ್ಪ ಅರ್ಧ ಸುತ್ತು ತಿರುಗಿತು. ನಾನು ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. ಹುಡುಗ ಒಂದು ಕೈಯಲ್ಲಿ ಕೋಲು ಓರೆ ಮಾಡಿ, ಇನ್ನೊಂದು ಕೈಯಲ್ಲಿ ಹುಟ್ಟು ಒತ್ತಿ, ಮೀನಿನ ತಲೆಯನ್ನು ಬಯಲು ನೀರಿಗೆ ತಿರುಗಿಸಿದ. ನಾಲ್ಕೈದು ನಿಮಿಷ ಹಿಡಿದಿರಬೇಕು. ಕೊನೆಗೆ ಮೇಲೆ ಬಂದ ಮೀನನ್ನು ಯಜಮಾನರು ಕಿವಿರಿನ ಸಂದಿಗೆ ಬೆರಳು ಕೊಟ್ಟು ಎತ್ತಿದರು. ಮೊಣಕೈಯುದ್ದ. ಬೆನ್ನು ಹೊಂಗೆಯೆಲೆಯ ಕಪ್ಪುಹಸಿರು, ಹೊಟ್ಟೆಗೆ ಸುಣ್ಣದ ಬಿಳಿ, ಪಕ್ಕೆಗೆ ಓರೆ ಪಟ್ಟೆಗಳು, ತಲೆ ಥೇಟು ಹಾವಿನದು. ತೆಪ್ಪದ ತಳದಲ್ಲಿ ಮಲಗಿಯೂ ಅದು ನಿಧಾನವಾಗಿ ಬಾಯಿ ತೆರೆದು ಮುಚ್ಚುತ್ತಿತ್ತು.

ಯಜಮಾನರು ಅದರ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ ನೋಡಿದರು. ಮೊಟ್ಟೆಯಿಲ್ಲ, ಇಟ್ಟುಕೊಳ್ಳಬಹುದು ಎಂದರು. ಮೊಟ್ಟೆ ಇದ್ದಿದ್ದರೆ? ‘ಬಿಡೋದೇ. ಮರಿ ಹಿಂದೆ ಅಪ್ಪ ಅಮ್ಮ ಎರಡೂ ಕಾವಲು ತಿರುಗೋ ಮೀನು ಇದು. ಹಿಡಿದ್ರೆ ಮರಿಯೆಲ್ಲ ಬೇರೆ ಮೀನಿನ ಬಾಯಿಗೆ.’

ಮಲೆನಾಡಿನ ಮೀನಿನ ಮಾತು ಇಲ್ಲಿಗೆ ಬಂದರೆ ಹತ್ತುಮೀನಿಗೆ ಹೋಗದೆ ಮುಗಿಯುವುದಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಇಳಿದಾಗ, ಮೊಟ್ಟೆ ತುಂಬಿದ ಮೀನುಗಳು ನೀರಿಗೆ ಎದುರಾಗಿ ಹಳ್ಳ ಹತ್ತಿ, ಗದ್ದೆ ಹೊಕ್ಕು ಮೊಟ್ಟೆಯಿಡುತ್ತವೆ. ಟಾರ್ಚು, ಕತ್ತಿ, ಕೂಣಿ ಹಿಡಿದು ಆ ರಾತ್ರಿಗಳಲ್ಲಿ ಅಲೆಯದ ಹುಡುಗರು ನಮ್ಮ ಕಡೆ ಕಡಿಮೆ. ನಾನೂ ಅಲೆದವನೇ. ಆ ಒಂದು ರಾತ್ರಿಯ ಕತ್ತಿಯೇಟಿಗೆ ಮುಂದಿನ ವರ್ಷದ ಸಾವಿರ ಮರಿ ಹೋಗುತ್ತದೆಂಬುದು ಆಗ ತಿಳಿದಿರಲಿಲ್ಲ, ಈಗ ತಿಳಿದಿದೆ. ಮಳೆಗಾಲದ ಮೊದಲ ದಿನಗಳಲ್ಲಿ ಮೀನು ಹಿಡಿಯಬೇಡಿ ಎಂದು ಇಲಾಖೆ ಹೇಳುವುದು ಸರಿಯಾದ ಮಾತು. ಅದನ್ನು ಊರಿನ ಹಿರಿಯರೇ ಹೇಳುವಂತಾದರೆ ಇನ್ನೂ ಹೆಚ್ಚು ನಾಟೀತು.

ಹಿನ್ನೀರಿನ ಬಲೆಗೆ ಹೆಚ್ಚು ಬೀಳುವ ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಕಡೆಯವು. ನಿಂತ ನೀರಿನಲ್ಲಿ ಅವು ತಾವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಚುಚ್ಚುಮದ್ದು ಕೊಟ್ಟು ಮೀನಿನಿಂದ ಮೊಟ್ಟೆ ಇಡಿಸಿದ ಮೇಲೆಯೇ ದೇಶದ ಜಲಾಶಯಗಳಿಗೆ ಮರಿ ಬಿಡುವುದು ಸಲೀಸಾದದ್ದು. ಈ ಹೊಳೆಯ ಸ್ವಂತ ಮಕ್ಕಳು ಬೇರೆ. ಹೊಸನಗರ ತಾಲ್ಲೂಕಿನದೇ ನಾಗೋಡಿಯ ಹೆಸರಿಟ್ಟುಕೊಂಡ ಒಂದು ಮೀನಿದೆ, ಶಿಸ್ಟುರಾ ನಾಗೋಡಿಯೆನ್ಸಿಸ್. ಬೆರಳುದ್ದದ್ದು, ಹರಿಯುವ ಹಳ್ಳದ ಕಲ್ಲಿಗೆ ಒತ್ತಿಕೊಂಡು ಬದುಕುವಂಥದು. 2006ರಲ್ಲಿ ವಿಜ್ಞಾನಿಗಳು ಅದಕ್ಕೂ ಅದರ ಜೊತೆಯ ಶಿಸ್ಟುರಾ ಶರಾವತಿಯೆನ್ಸಿಸ್‌ಗೂ ಹೆಸರಿಟ್ಟರು. ಅದಕ್ಕೆ ಎರಡು ವರ್ಷ ಮೊದಲು ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಮೀಸೆಯ ಪುಟ್ಟ ಮೀನಿಗೂ ಈ ಹೊಳೆಯ ಹೆಸರು ಸಿಕ್ಕಿತ್ತು. ಇವನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ. ಹಳ್ಳ ಹಳ್ಳವಾಗಿಯೇ ಹರಿಯುವ ಕಡೆ ಬಿಟ್ಟರೆ ಅವಕ್ಕೆ ಬೇರೆ ಊರಿಲ್ಲ. ನಾಗೋಡಿಯ ಹೆಸರಿನ ಮೀನಿದೆ ಎಂದು ಯಜಮಾನರಿಗೆ ಹೇಳಿದೆ. ‘ಸಣ್ಣದಾ?’ ಎಂದು ಕೇಳಿ, ‘ಕಲ್ಲಡಿ ಇರ್ತಾವೆ ಅವು. ಕಂಡಿದೀನಿ, ಹೆಸರಿತ್ತು ಅಂತ ಗೊತ್ತಿರ್ಲಿಲ್ಲ’ ಎಂದರು.

ಕತ್ತಲಾಗುವ ಮುಂಚೆ ಬಲೆ ಬಿಡುವ ಕೆಲಸವೊಂದು ಉಳಿದಿತ್ತು. ಒಂದು ತುದಿಯನ್ನು ಬೊಡ್ಡೆಗೆ ಕಟ್ಟಿ, ತೆಪ್ಪ ಹಿಂದಕ್ಕೆ ಸರಿದಂತೆ ಮಡಿಕೆ ಮಡಿಕೆಯಾಗಿ ಬಲೆಯನ್ನು ಇಳಿಸಿದರು. ಮೇಲಂಚಿಗೆ ಬೆಂಡು, ಕೆಳಗಂಚಿಗೆ ಸೀಸದ ಗುಂಡು, ಗುರುತಿಗೆ ಖಾಲಿ ನೀರಿನ ಬಾಟಲಿ. ಬೆಳಗಿನ ಜಾವ ಐದಕ್ಕೆ ಬಂದು ಎತ್ತಬೇಕು. ಬಲೆ ಇಳಿಯುವಾಗ ಅವರು ಮಾತಾಡಲಿಲ್ಲ. ಗಂಟು ಬಿದ್ದ ಕಡೆ ಕಣ್ಣಿಗಿಂತ ಮೊದಲು ಬೆರಳು ನಿಲ್ಲುತ್ತಿತ್ತು.

ದೂರದಲ್ಲಿ ಪಟಗುಪ್ಪ ಸೇತುವೆಯ ಮೇಲೆ ಒಂದೆರಡು ವಾಹನದ ದೀಪ ಹಾದವು. ಹುಡುಗ ಸಿಗಂದೂರು ಸೇತುವೆಯ ಮಾತು ತೆಗೆದ. ಅಂಬಾರಗೋಡ್ಲು ಕಳಸವಳ್ಳಿಯ ನಡುವೆ ಕಟ್ಟಿದ ಎರಡೂವರೆ ಕಿಲೋಮೀಟರಿಗೆ ಹತ್ತಿರದ ಸೇತುವೆ 2025ರ ಜುಲೈ 14ರಂದು ತೆರೆಯಿತು. ಲಾಂಚಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಹೋಯಿತು. ಹೆರಿಗೆ ನೋವಿನವರನ್ನೂ ಹಾವು ಕಚ್ಚಿದವರನ್ನೂ ಲಾಂಚು ಹತ್ತಿಸಲು ಕಾದ ಜನಕ್ಕೆ ಅದು ಎಷ್ಟು ದೊಡ್ಡ ಮಾತೆಂದು ದಡದಾಚೆಯವರಿಗೇ ಗೊತ್ತು. ಯಜಮಾನರೂ ಅದನ್ನೇ ಹೇಳಿದರು. ‘ಸೇತುವೆ ಬೇಕಿತ್ತು. ಅರವತ್ತು ವರ್ಷ ತಡ ಆತು.’

ಚಳಿ ನೀರಿನಿಂದ ಮೇಲೇಳತೊಡಗಿತು. ಚಂದ್ರ ಇನ್ನೂ ಬಂದಿರಲಿಲ್ಲ. ದಂಡೆಯಲ್ಲಿ ದೀಪವಿಲ್ಲ, ಮನೆಯಿಲ್ಲ, ನಾವು ಬಂದ ದಿಕ್ಕು ನನಗೆ ಪೂರ್ತಿ ತಪ್ಪಿಹೋಗಿತ್ತು. ಹುಡುಗ ತಲೆಗೆ ಕಟ್ಟಿಕೊಂಡ ಟಾರ್ಚು ಹಚ್ಚಿದ. ಬೆಳಕು ಮಂಜಿಗೆ ಬಡಿದು ಅಲ್ಲೇ ನಿಂತಿತು. ‘ಆರಿಸು, ಕಣ್ಣು ಕಟ್ತದೆ’ ಎಂದರು ಯಜಮಾನರು. ಕಯಾಕಿನ ಮೂತಿಯ ಹಗ್ಗವನ್ನು ತೆಪ್ಪಕ್ಕೆ ಬಿಗಿದು, ನಿಧಾನಕ್ಕೆ ಹುಟ್ಟು ಹಾಕುತ್ತ, ಪ್ರತಿ ನಾಲ್ಕನೆಯ ಎಳೆತಕ್ಕೆ ಹುಟ್ಟನ್ನು ನೆಟ್ಟಗೆ ಕೆಳಗಿಳಿಸಿ ನೋಡುತ್ತ ಹೋದರು. ಒಂದು ಸಲ ತಳವಿಲ್ಲ. ಇನ್ನೊಂದು ಸಲ ಮೆತ್ತಗೆ ಕೆಸರು. ‘ಗದ್ದೆ’ ಎಂದರು. ಸ್ವಲ್ಪ ಬಲಕ್ಕೆ ಹೊರಳಿಸಿದರು. ಮತ್ತೆ ಕೆಸರು. ಇನ್ನಷ್ಟು ಬಲಕ್ಕೆ.

ಆಮೇಲೆ ಹುಟ್ಟಿನ ತುದಿಗೆ ಕಲ್ಲು ತಾಗಿದ ಟಕ್ ಎಂಬ ಸದ್ದು ನೀರಿನೊಳಗಿಂದ ಬಂತು.

‘ರಸ್ತೆ ಸಿಕ್ತು’ ಎಂದರು.

ಅಲ್ಲಿಂದ ಹುಟ್ಟು ಹಾಕಲಿಲ್ಲ. ಕಲ್ಲಿಗೆ ಊರಿ ಊರಿ, ಕೋಲೂರಿ ನಡೆಯುವವರ ಹಾಗೆ ತೆಪ್ಪ ನೂಕಿದರು. ಪ್ರತಿ ಸಲ ಊರಿದಾಗಲೂ ಹುಟ್ಟು ಮುಳುಗುವುದು ಒಂದು ಗೇಣು ಕಡಿಮೆಯಾಗುತ್ತಿತ್ತು. ತಳಕ್ಕೆ ಜಲ್ಲಿ ಉಜ್ಜಿತು. ಇಳಿದಾಗ ಪಾದದಡಿ ಸಿಕ್ಕದ್ದು ಅದೇ ಕಲ್ಲುಕಟ್ಟಿನ ರಸ್ತೆ, ಮೊದಲೆರಡು ಹೆಜ್ಜೆ ನೀರಿನಲ್ಲಿ, ಆಮೇಲಿನದು ಒಣನೆಲದಲ್ಲಿ. ಅದರ ಮೇಲೇ ಕಯಾಕು ಹೊತ್ತುಕೊಂಡು ಕಾರಿನವರೆಗೆ ನಡೆದೆವು. ಕೊರವವನ್ನು ಯಜಮಾನರು ಮುತ್ತುಗದ ಎಲೆಯಲ್ಲಿ ಸುತ್ತಿ ಹುಡುಗನ ಕೈಗಿಟ್ಟರು. ಅವನು ಲಂಗರು ಕಲ್ಲನ್ನು ಹಿಂದಕ್ಕೆ ಕೊಡಲು ಹೋದ. ಬೇಡ, ಕಾರಲ್ಲಿ ಇಟ್ಕ, ಮೇ ತಿಂಗಳಲ್ಲಿ ಬರುವಾಗ ತಾ ಎಂದು ಹೇಳಿ ಅವರು ಬಲೆಯ ಬುಟ್ಟಿ ಎತ್ತಿಕೊಂಡರು.